ಹನ್ನೆರಡಾಗದ ಕಂಪ್ಯೂಟರ್

ಗೆಳೆಯರೇ, ಇವತ್ತು ಒಂದು ಮನೆ ಕಾಲು ಗಂಟೆ ಯಾರದ್ದೂ ಆಗದೆ ತೇಲುತ್ತಿತ್ತು.

ಶಿವಮೊಗ್ಗದ ತಮ್ಮ ಪುಟ್ಟ ಮನೆಯನ್ನು ನನಗೆ ಮಾರುತ್ತಿರುವ ಭದ್ರಾವತಿಯ ಸರೋಜಮ್ಮ, ನೋಂದಣಿ ಕಚೇರಿಯ ವೆಬ್‌ಕ್ಯಾಮ್ ಮುಂದೆ ಕೂತವರು ತಟ್ಟನೆ ಎದ್ದುಬಿಟ್ಟರು. ಗೋಡೆ ಗಡಿಯಾರದಲ್ಲಿ ಹನ್ನೆರಡು ದಾಟಿ ಶುಕ್ರವಾರದ ರಾಹುಕಾಲ ಮುಗಿದಿತ್ತು. ಕಂಪ್ಯೂಟರ್‌ನಲ್ಲಿ ಮಾತ್ರ ಇನ್ನೂ ಹನ್ನೊಂದು ನಲವತ್ತೈದು.

“ಅಮ್ಮಾ, ಮೆಷಿನ್ ಟೈಮ್ ಹಿಂದಿದೆ ಅಷ್ಟೆ. ಬದಲಾಯಿಸೋದು ನನ್ನ ಕೈಲಿಲ್ಲ,” ಎಂದರು ಆಪರೇಟರ್.

“ಪತ್ರದ ಮೇಲೆ ಅಚ್ಚಾಗೋದು ಅದೇ ಟೈಮಲ್ವೇನಪ್ಪಾ? ರಾಹುಕಾಲದಲ್ಲಿ ಮನೆ ಕೊಟ್ಲು ಅಂತ ಇವರ ಮೊಮ್ಮಕ್ಕಳು ಓದಬೇಕಾ? ಇವತ್ತು ಬೇಡ ಬಿಡಿ,” ಎಂದರು ಸರೋಜಮ್ಮ, ನನ್ನತ್ತ ಕೈ ತೋರಿಸಿ.

ಆ ಮನೆಯನ್ನು ಇನ್ನೊಬ್ಬರೂ ಕೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. “ಕಂಪ್ಯೂಟರ್‌ಗೂ ಹನ್ನೆರಡಾಗಲಿ, ಕಾಯೋಣ,” ಎಂದೆ.

ಇಬ್ಬರೂ ಬೆಂಚಿನ ಮೇಲೆ ಕೂತೆವು. ನಾನು ಮನಸ್ಸಿನಲ್ಲೇ ಆ ಮನೆಯ ಕಿಟಕಿಗಳನ್ನು ತೆರೆದೆ, ಬೆಳಕು ಬೀಳುವ ಕಡೆ ಓದುವ ಕುರ್ಚಿ ಹಾಕಿದೆ. “ಹಿತ್ತಿಲ ಬಾಗಿಲು ಸ್ವಲ್ಪ ಎತ್ತಿ ದೂಡಬೇಕು ಮಾರಾಯ,” ಎಂದರು ಸರೋಜಮ್ಮ, ನನ್ನ ಜೊತೆ ಅಲ್ಲೇ ಓಡಾಡುತ್ತಿರುವವರಂತೆ.

ಕೊನೆಗೂ ತೆರೆಯ ಮೇಲೆ ಹನ್ನೆರಡು ದಾಟಿತು. ಇಬ್ಬರ ಫೋಟೋ ತೆಗೆದರು.

ಕ್ರಯಪತ್ರದಲ್ಲಿ ಮಾರಿದವರು ನಗುತ್ತಿದ್ದಾರೆ. ಕೊಂಡವನ ಕಣ್ಣು ಮುಚ್ಚಿದೆ. ಆಗಲೇ ಹೊಸ ಮನೆಯಲ್ಲಿ ಮಲಗಿಬಿಟ್ಟಿರಬೇಕು.