ಮೂಸದೆ ಮಾಡಿದ ಕಾಫಿ

ಕಳೆದ ಸೋಮವಾರ ನಮ್ಮ ಮನೆಯವರು ಸನತ್‌ನಗರದ ಲೇತ್ ಅಂಗಡಿಗೆ ಹೋಗಿ, ಚೆನ್ನಾಗಿಯೇ ಇದ್ದ ಕಾಫಿ ಮೆಷಿನ್ನಿನ ಬಟ್ಟಲಿನ ತಳ ಕೊಯ್ಯಿಸಿಕೊಂಡು ಬಂದರು. ಕೊಯ್ದ ಮೇಲೆ ಮತ್ತೆ ಅಂಟಿಸಲಾಗದು ಅಂಕಲ್, ಯೋಚಿಸಿ ಎಂದು ಅಂಗಡಿಯವನು ಎರಡೆರಡು ಸಲ ಹೇಳಿದನಂತೆ.

ಕೊಯ್ಯಿಸಲು ಹೇಳಿದವಳು ನಾನೇ. (ಮಿಕ್ಸಿ ಬಿಟ್ಟರೆ ಬೇರೆ ಮೆಷಿನ್ ಮುಟ್ಟದವಳು.)

ಇವರು ಪಟಾನ್‌ಚೆರುವಿನ ಔಷಧ ಫ್ಯಾಕ್ಟರಿಯೊಂದರಲ್ಲಿ ಮೀಟರು, ಗೇಜು ರಿಪೇರಿ ಮಾಡುತ್ತಲೇ ಆಯುಷ್ಯ ಕಳೆದು, ಹೋದ ವರ್ಷ ರಿಟೈರ್ ಆದವರು. ಅದಕ್ಕೂ ಮೊದಲೇ ಒಂದು ಜ್ವರ ಬಂದು, ಹೋಗುವಾಗ ಇವರ ಮೂಗಿನ ಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಈಗ ಮಲ್ಲಿಗೆಯೂ ಒಂದೇ, ಫಿನೈಲೂ ಒಂದೇ. ಉಪ್ಪು, ಹುಳಿ, ಕಹಿ ಅಷ್ಟು ನಾಲಿಗೆಗೆ ತಿಳಿಯುತ್ತದೆ. ಜೀವ ಉಳಿಸಿ ವಾಸನೆಯನ್ನಷ್ಟೇ ತೆಗೆದುಕೊಂಡನಲ್ಲ, ದೇವರು ಕರುಣಾಳು ಎಂದು ನಾನು ಕೈ ಮುಗಿದೆ.

ಅಂಥವರು, ಪಕ್ಕದ ಫ್ಲಾಟಿನವರು ಊರು ಬಿಡುವಾಗ ಕೊಟ್ಟುಹೋದ, ಪಂಪಿನಿಂದ ಬಿಸಿನೀರು ನೂಕಿ ಕಾಫಿ ಇಳಿಸುವ ಎಸ್ಪ್ರೆಸೊ ಮೆಷಿನ್ ಬಿಚ್ಚಿಕೊಂಡು ಕೂತರು. ಒಳಗೊಂದು ಥರ್ಮಾಮೀಟರ್ ಕೂರಿಸಿದರು, ಹೊರಗೊಂದು ಪ್ರೆಶರ್ ಗೇಜ್. ವಾಸನೆಯೇ ತಿಳಿಯದವರಿಗೆ ಈ ಚಟ ಏಕೆ ಎಂದು ಕೇಳಿದೆ. ಫ್ಯಾಕ್ಟರಿಯಲ್ಲಿ ನಾನೇನು ಔಷಧ ನೆಕ್ಕಿ ನೋಡುತ್ತಿದ್ದೆನೇ, ಮೀಟರ್ ಸರಿ ಇದ್ದರೆ ಮಾಲು ಸರಿ ಎಂದರು.

ಕಾಫಿ ಮಾತ್ರ ಆ ಮಾತು ಕೇಳಲಿಲ್ಲ. ಒಂದು ದಿನ ಸುಟ್ಟ ವಾಸನೆ, ಇನ್ನೊಂದು ದಿನ ತೆಳ್ಳಗೆ, ಘಮವೇ ಇಲ್ಲ.

ದಿನಾ ಲೋಟ ಕೈಗಿಟ್ಟು, ರಿಸಲ್ಟಿಗೆ ಕಾಯುವವರಂತೆ ನನ್ನ ಮುಖ ನೋಡುತ್ತ ನಿಲ್ಲುವರು. ಏನು ಹೇಳಲಿ? ಭಾಳ ಛಲೋ ಆಗ್ಯದ್ರಿ ಅನ್ನುತ್ತಿದ್ದೆ. ಇಷ್ಟು ಸಣ್ಣ ಸುಳ್ಳನ್ನು ದೇವರು ಕ್ಷಮಿಸುತ್ತಾನೆ ಎಂಬ ಧೈರ್ಯ. (ನೀವೂ ಹೇಳಿದ್ದೀರಿ, ಬಿಡಿ.)

ಸಿಕ್ಕಿಬಿದ್ದೆ. ಒಂದು ಬೆಳಿಗ್ಗೆ ಸಿಂಕಿಗೆ ಕಾಫಿ ಸುರಿಯುವಾಗ ಇವರು ಹಿಂದೆಯೇ ನಿಂತಿದ್ದರು. ಜಗಳ ತೆಗೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಮ್ಮನೆ ಹೋಗಿ ಮೆಷಿನ್ನನ್ನು ರಟ್ಟಿನ ಡಬ್ಬಕ್ಕೆ ತುಂಬಿದರು. ಗುಜರಿಯವನು ಬಂದರೆ ಕೊಟ್ಟುಬಿಡು ಎಂದರು. ಆಮೇಲೆ ಒಂದೇ ಮಾತು.

"ನೀನೂ ಸುಳ್ಳು ಹೇಳಿದ್ರ, ನಾ ಯಾರ ಮೂಗು ನಂಬ್ಲಿ?"

ಹಾಲು ಹಳಸಿದೆಯೇ, ಗ್ಯಾಸ್ ಸೋರುತ್ತಿದೆಯೇ, ಅಂಗಿ ಬೆವರು ನಾರುತ್ತಿದೆಯೇ ಎಂದು ಎಲ್ಲದಕ್ಕೂ ನನ್ನನ್ನೇ ಕೇಳುತ್ತಿದ್ದ ಮನುಷ್ಯ ಅಂದಿನಿಂದ ಕೇಳುವುದನ್ನೇ ಬಿಟ್ಟರು. ಒಗೆದು ಮಡಚಿಟ್ಟ ಅಂಗಿಯನ್ನು ಮತ್ತೆ ಒಗೆಯಲು ಹಾಕಿದರು.

ಶನಿವಾರ ವೆಂಕಟೇಶನ ನೈವೇದ್ಯಕ್ಕೆ ಎಳ್ಳುಂಡಿ. ಮಡಿಯುಟ್ಟು ಒಲೆಯ ಮುಂದಿದ್ದೆ. ನೈವೇದ್ಯದ ಅಡಿಗೆಯನ್ನು ರುಚಿ ನೋಡುವಂತಿಲ್ಲ, ಮೂಸುವಂತೆಯೂ ಇಲ್ಲ. ದೇವರಿಗಿಂತ ಮೊದಲು ನಮ್ಮ ಮೂಗು ಉಣ್ಣಬಾರದು ಎಂದು ಅತ್ತೆ ಕಲಿಸಿದ್ದು. ಬೆಲ್ಲದ ಬಣ್ಣ ನೋಡಿದೆ, ಗುಳ್ಳೆಯ ಸಪ್ಪಳ ಕೇಳಿದೆ, ಸೌಟಿನಿಂದ ಹೇಗೆ ಬೀಳುತ್ತದೆ ನೋಡಿದೆ. ಅಲ್ಲಿಗೆ ಕೈ ನಿಂತಿತು. ಮೂವತ್ತು ವರ್ಷದಿಂದ ನಾನು ಮಾಡುತ್ತಿರುವುದೂ ಮೂಗಿಲ್ಲದ ಅಡಿಗೆಯೇ ಅಲ್ಲವೇ?

ಇವರನ್ನು ಕರೆದು ಬಾಗಿಲಾಚೆಯೇ ನಿಲ್ಲಿಸಿದೆ. (ಮಡಿಯಲ್ಲವೇ.) ಸೌಟು ಎತ್ತಿ ಹಿಡಿದೆ.

"ಪಾಕ ಬಂತೇನು, ಹೇಳ್ರಿ."

"ನನಗೇನು ತಿಳೀತದ?"

"ಕಣ್ಣು ಅವ ಅಲ್ಲ?"

ಸಿಟ್ಟಿನಲ್ಲೇ ನೋಡತೊಡಗಿದವರು ಮೆಲ್ಲಗೆ ಮುಂದೆ ಬಾಗಿದರು. "ಇನ್ನೂ ನೀರ್ ನೀರದ. ತಡಿ... ಹಾಂ, ಈಗ ಎಳಿ ಬಂತು. ಇಳಸು."

ಸರಿಯಾಗಿತ್ತು.

"ನಿಮ್ಮ ಕಾಫಿ ಹೆಂಗ ಬೀಳ್ತದ ಅಂತ ಒಂದಿನಾರ ಕಂಡೀರೇನು?"

ಕಾಣುವುದೆಲ್ಲಿಂದ? ಪುಡಿ ಒತ್ತುವ ಆ ಹಿಡಿಕೆಯ ಬಟ್ಟಲಿಗೆ ಒಂದು ತಳ, ತಳಕ್ಕೆ ಎರಡು ಮೂತಿ. ಮೇಲೆ ಏನು ನಡೆದರೂ ಕೆಳಗೆ ಗೊತ್ತಾಗದು. ಪುಡಿ ಹಿಡಿಯಲು ಒಳಗೆ ಜರಡಿ ಇದ್ದೇ ಇದೆ, ಈ ತಳ ಯಾರಿಗೆ ಬೇಕು, ತೆಗೆಸಿಬಿಡಿ ಎಂದೆ. ಇವರು ಹೋಗಿ ರಟ್ಟಿನ ಡಬ್ಬ ಬಿಚ್ಚಿದರು.

ಮಂಗಳವಾರ ಪಂಪ್ ಹಾಕಿದ್ದೇ ತಡ, ಕಾಫಿ ಪಿಚಕಾರಿಯಂತೆ ಹಾರಿ ಇವರ ಬನಿಯನ್ನಿಗೆ ಬಡಿಯಿತು. ಪುಡಿಯನ್ನು ಇಷ್ಟು ದಿನ ಒಂದೇ ಕಡೆ ಒತ್ತುತ್ತಿದ್ದುದು, ನೀರು ಸಡಿಲಿದ್ದ ಕಡೆಯಿಂದ ನುಗ್ಗುತ್ತಿದ್ದುದು ಆಗ ಕಂಡಿತು. ಉಳಿದದ್ದನ್ನು ನಾನು ಕುಡಿದೆ. ಎದೆ ಗಟ್ಟಿ ಮಾಡಿಕೊಂಡು, ಸುಟ್ಟ ವಾಸನೆ ಬರುತ್ತಿದೆ ಎಂದೆ. ಇವರು ನಕ್ಕುಬಿಟ್ಟರು. ಅಂತೂ ಬಾಯಿ ಬಿಟ್ಟೆಯಲ್ಲ, ನಾಳೆ ಬೇಗ ನಿಲ್ಲಿಸುತ್ತೇನೆ ಎಂದರು.

ಶುಕ್ರವಾರ ನಾನೂ ಬಗ್ಗಿ ನೋಡಿದೆ. ಮೊದಲು ಕಪ್ಪನೆಯ ಹನಿಗಳು. ಹನಿಗಳೆಲ್ಲ ಕೂಡಿ ಜೋನಿ ಬೆಲ್ಲದಂಥ ಒಂದೇ ಧಾರೆ. ಧಾರೆಯ ಬಣ್ಣ ಬಿಳಚಿಕೊಳ್ಳುತ್ತಲೇ ಇವರ ಕೈ ಸ್ವಿಚ್ಚಿಗೆ ಹೋಯಿತು. ಲೋಟ ನನ್ನ ಕೈಗಿಟ್ಟವರು ಮುಖ ನೋಡುತ್ತ ನಿಲ್ಲಲಿಲ್ಲ. ಬಟ್ಟಲು ತೊಳೆಯಲು ಹೋದರು.

ಕಾಫಿ ಘಮ್ಮೆಂದಿತು. ಆ ಘಮ ಇವರನ್ನು ಮುಟ್ಟದು, ಗೊತ್ತು. ಆದರೆ ಅಂದು ಸ್ನಾನಕ್ಕೆ ಹೋಗುವಾಗ ಒಂದು ಅಂಗಿ ತಂದು ನನ್ನ ಮೂಗಿನ ಮುಂದೆ ಹಿಡಿದು, ಇದು ಇನ್ನೊಂದು ದಿನ ನಡೆಯುತ್ತದೆಯೇ ಎಂದು ಕೇಳಿದರು. ಇಷ್ಟು ಸಾಕು, ಭಗವಂತ.

ನಾನು ಉಪ್ಪು ಮರೆತ ಸಾರನ್ನೂ ವೆಂಕಟೇಶ ಒಂದು ಮಾತಾಡದೆ ಸ್ವೀಕರಿಸಿದ್ದಾನೆ. ಅವನು ದೇವರು, ಸುಮ್ಮನಿರಬಹುದು. ಹೆಂಡತಿಯೂ ಸುಮ್ಮನಿದ್ದರೆ ಗಂಡನಿಗೆ ನಿಜ ಹೇಳುವವರು ಯಾರು?