ಮುಂಜಾನೆಯನ್ನು ಸಂಜೆ ಮಾಡಲು ಹೋದದ್ದು

೧೯೭೦ರಲ್ಲಿ, ಏಳನೆಯ ಇಯತ್ತೆ ಮುಗಿಯುವ ಮೊದಲೇ, ನನ್ನ ಓದು ನಿಂತಿತು. ಅಪ್ಪನ ಸೊಂಟ ಹಿಡಿದುಕೊಂಡಿತ್ತು; ಸವಣೂರಿನಿಂದ ಹಾನಗಲ್ಲಿಗೆ ವೀಳ್ಯದೆಲೆ ತರಲು ಮನೆಯಲ್ಲಿ ಬೇರೆ ಗಂಡಾಳು ಇರಲಿಲ್ಲ. ಅಳುತ್ತ ಸಾಲಿ ಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಎಲೆಯ ಕೆಲಸ ನನ್ನ ಕೈಗೆ ಬೇಗ ಹತ್ತಿತು. ಕೊಳೆತದ್ದನ್ನು ಆರಿಸಿ, ಹಸಿ ಚೀಲದಲ್ಲಿ ಸುತ್ತಿ ನಾನು ಬುಟ್ಟಿ ಕಟ್ಟಿದರೆ ಬೇಸಿಗೆಯಲ್ಲೂ ಎಲೆ ಬಾಡುತ್ತಿರಲಿಲ್ಲ. ಮೀಸೆ ದಪ್ಪವಾಗುವ ಹೊತ್ತಿಗೆ ಹಾನಗಲ್ಲಿನಲ್ಲಿ ನನ್ನದೇ ಅಂಗಡಿ ಇತ್ತು. ಮುಂದೆ ಶಿಗ್ಗಾವಿಯ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮಳಿಗೆಯನ್ನೂ ಹಿಡಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಸಂಗೀತಕ್ಕೆ ನನ್ನನ್ನು ಎಳೆದದ್ದೂ ಎಲೆಯೇ. ನಮ್ಮೂರಿನ ವಕೀಲರೊಬ್ಬರ ಮನೆಯಲ್ಲಿ ಆಗಾಗ ಗಾಯನದ ಬೈಠಕ್ ಆಗುತ್ತಿತ್ತು. ಹಾಡುವವರ ತಟ್ಟೆಗೆ ಎಲೆ ನನ್ನ ಅಂಗಡಿಯದು. ಒಂದು ಸಂಜೆ ಎಲೆ ಕೊಟ್ಟು ಹೊರಟವನನ್ನು ವಕೀಲರು ತಡೆದರು.

“ಎಲ್ಲಿಗೆ ಹೊಂಟಿ? ನಿನ್ನ ಎಲಿ ಒಳಗ, ನೀ ಹೊರಗ ಅಂದ್ರ ಹ್ಯಾಂಗ? ಕೂಡು.”

“ನನಗ ಅದೆಲ್ಲಾ ತಿಳಿಯಂಗಿಲ್ರಿ.”

“ನನಗರ ತಿಳಿತದ ಅಂತ ಯಾರು ಹೇಳ್ಯಾರ? ಕೂಡಪಾ ಸುಮ್ನ.”

ಕುಳಿತೆ. ಆ ಜಮಖಾನೆಯಿಂದ ಇನ್ನೂ ಎದ್ದಿಲ್ಲ ಎನ್ನಬೇಕು.

ಎಂಬತ್ತರ ದಶಕ ಬರುವಷ್ಟರಲ್ಲಿ ನಾವು ನಾಲ್ವರು, ಎಲ್ಲಿ ಗಾಯನವಿದ್ದರೂ ಬಿಡದೆ ಹೋಗುವ ಕೇಳುಗರು ಎನಿಸಿಕೊಂಡಿದ್ದೆವು. ವಕೀಲರು ಒಬ್ಬರು, ನಾನೊಬ್ಬ. ಮೂರನೆಯವರು ಸವಣೂರಿನ ಟೇಲರ್ ಚಾಚಾ. ತೊಡೆಯ ಮೇಲೆ ತಾಳ ಹಾಕುವಾಗಲೂ ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಲೋಹದ ಟೋಪಿಯನ್ನು ತೆಗೆಯುತ್ತಿರಲಿಲ್ಲ. ನಾಲ್ಕನೆಯವರು ಹಿರೇಕೆರೂರಿನ ಹತ್ತಿಬೀಜದ ಸಾಹುಕಾರರು. ಅವರು ನಿಧಾನ ಲಯದ ವಿಲಂಬಿತದಲ್ಲಿ ಕಣ್ಣು ಮುಚ್ಚಿದರೆ ಕೊನೆಯ ಜೋರಿನ ತರಾನಾ ಬಂದಾಗಲೇ ತೆರೆಯುವುದು. “ನಿದ್ದಿ ಹತ್ತಿತ್ತೇನ್ರಿ?” ಎಂದು ಚಾಚಾ ಚೇಷ್ಟೆ ಮಾಡಿದರೆ, “ನಾ ಒಳಗಿನ ಕಿವೀಲೆ ಕೇಳಾಕತ್ತಿದ್ನಿ” ಎನ್ನುತ್ತಿದ್ದರು. “ಹಂಗಾರ ಗೊರಕಿ ಹೊಡದವರು ಯಾರ್ರೀ, ತಬಲದವನೇನು?”

ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಗಾಯಕರು ದೊಡ್ಡ ರಾಗ ಮುಗಿಸಿ ನೀರು ಕುಡಿದ ಮೇಲೆ ಕೇಳುಗರ ಕಡೆಯಿಂದ ಒಂದೇ ಒಂದು ಫರ್ಮಾಯಿಷ್, ಅಂದರೆ ‘ಇದನ್ನು ಹಾಡಿರಿ’ ಎಂಬ ಕೋರಿಕೆ. ಅದನ್ನು ಪಾಳಿಯ ಮೇಲೆ ಕೇಳಬೇಕು. ನಮ್ಮ ಮೂರೂ ಊರುಗಳ ಕೇಳುಗರೆಲ್ಲ ಆ ಪಾಳಿಯಲ್ಲಿದ್ದರು. ಹೀಗಾಗಿ ಒಬ್ಬೊಬ್ಬರಿಗೆ ವರ್ಷಗಟ್ಟಲೆ ಕಾಯುವ ಕೆಲಸ. ಬಂದ ಪಾಳಿಯನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ, ಮುಂದಕ್ಕೆ ಇಟ್ಟುಕೊಳ್ಳುವಂತಿಲ್ಲ. ಅವತ್ತು ಬಿಟ್ಟರೆ ಸಾಲಿನ ಕೊನೆಗೆ.

ನಾನು ಕಾಯುತ್ತಿದ್ದುದು ನನಗಾಗಿ ಅಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಒಮ್ಮೆ ವಕೀಲರ ಮನೆಗೆ ಬಂದಿದ್ದಳು. ಹೆಣ್ಣುಮಕ್ಕಳು ಅಡುಗೆಮನೆಯ ಕಡೆ, ಹಾಡು ಪಡಸಾಲೆಯಲ್ಲಿ, ನಡುವೆ ಗೋಡೆ. ಆ ಮುಸ್ಸಂಜೆ ಹಾಡಿದ್ದು ಪೂರಿಯಾ ಧನಾಶ್ರೀ. ಮನೆಗೆ ಬಂದವಳು ರೊಟ್ಟಿಯ ಹಿಟ್ಟು ನಾದುತ್ತ ನಾದುತ್ತ ಕೈ ನಿಲ್ಲಿಸಿ, “ಅದನ್ನ ಇನ್ನೊಮ್ಮೆ ಕೇಳಬೇಕು ನೋಡ್ರಿ” ಎಂದಳು. ರಾಗದ ಹೆಸರು ಹೇಳಿದೆ. “ಹೆಸರು ಕಟಗೊಂಡು ಏನ್ ಮಾಡ್ಲಿ? ಕೇಳಸ್ರಿ.”

ಕೇಳಿಸುತ್ತೇನೆ ಎಂದು ಮಾತು ಕೊಟ್ಟೆ. ಮಕ್ಕಳಾದವು, ಸಂಜೆ ಎಲೆಗೆ ನೀರು ಚಿಮುಕಿಸುವ ಕೆಲಸ ಅವಳ ಕೊರಳಿಗೆ ಬಿತ್ತು. ನಾನು ಊರೂರು ತಿರುಗಿ ಕೇಳಿದೆ, ಅವಳು ಮನೆಯಲ್ಲಿ ಉಳಿದಳು. ಜಗಳ ಬಂದಾಗ ಮಾತ್ರ, “ಕೇಳಸ್ತೇನಿ ಅಂದಿದ್ರೆಲಾ, ಕೇಳಸ್ರಿ ಮತ್ತ” ಎನ್ನುತ್ತಿದ್ದಳು.

ಕೊನೆಗೊಮ್ಮೆ ನನ್ನ ಪಾಳಿ ಬಂತು. ಹಿರೇಕೆರೂರಿನ ಸಾಹುಕಾರರ ಮನೆಯಲ್ಲಿ ಭಾನುವಾರ ಸಂಜೆ ಗಾಯನ. ಧಾರವಾಡದ ಕಡೆಯ ಹಿರಿಯ ಗಾಯಕರು. ಹೆಂಡತಿ ಇಳಕಲ್ ಸೀರೆ ತೆಗೆದಿಟ್ಟಳು, ಮಕ್ಕಳನ್ನು ತವರಿಗೆ ಬಿಟ್ಟುಬಂದಳು. ಶನಿವಾರ ಬಸ್ ಕಂಡಕ್ಟರನ ಕೈಲಿ ಸಾಹುಕಾರರು ಹೇಳಿ ಕಳಿಸಿದರು: ಗಾಯಕರ ಮೊಮ್ಮಗಳನ್ನು ಭಾನುವಾರ ಮಧ್ಯಾಹ್ನ ಶಿಗ್ಗಾವಿಯಲ್ಲಿ ತೊಟ್ಟಿಲಿಗೆ ಹಾಕುತ್ತಾರಂತೆ, ಅದಕ್ಕೇ ಗಾಯನ ಮುಂಜಾನೆ ಒಂಬತ್ತಕ್ಕೆ.

ಮುಂಜಾನೆಯ ರಾಗ ಮುಂಜಾನೆಗೆ, ಸಂಜೆಯದು ಸಂಜೆಗೆ. ಪೂರಿಯಾ ಧನಾಶ್ರೀ ಸಂಜೆಯ ರಾಗ; ಅದನ್ನು ಆ ಗಾಯಕರು ಬೆಳಿಗ್ಗೆ ಹಾಡುವವರಲ್ಲ. ಭಾನುವಾರ ಮೊದಲ ಬಸ್ಸಿನಲ್ಲಿ ವಕೀಲರು ತಿಳಿಸಿ ಹೇಳಿದರು. “ಇವತ್ತ ಮುಂಜಾನಿ ರಾಗಾ ತೋಡಿ ಕೇಳು. ಹಟಾ ಮಾಡಬ್ಯಾಡ.”

“ಮಾತು ಕೊಟ್ಟೇನ್ರಿ.”

“ಯಾರಿಗೆ?”

ಹೆಣ್ಣುಮಕ್ಕಳ ಸೀಟಿನಲ್ಲಿ ಬುತ್ತಿ ಗಂಟು ಹಿಡಿದು ಕುಳಿತವಳ ಕಡೆಗೆ ನೋಡಿದೆ. ವಕೀಲರು ಹಿಂದಿನ ಸೀಟಿನಲ್ಲಿದ್ದ ಚಾಚಾರ ಕಡೆಗೆ ತಿರುಗಿದರು.

ಉಪಾಯ ಹೊಳೆದದ್ದು ಚಾಚಾಗೆ. “ನನ್ನ ಅಂಗಡಿಗೆ ಕಿಡಕಿನ ಇಲ್ಲ. ಹಾಡಹಗಲ ದೀಪಾ ಹಚ್ಚಿ ಹೊಲೀತೇನಿ. ಕತ್ತಲಿ ಮಾಡೂದು ಏನ್ ದೊಡ್ಡದು? ಪಡದಾ ಹಾಕೂಣ!”

ಹಿರೇಕೆರೂರಿಗೆ ಇಳಿದವರೇ ನಾವು ಕೆಲಸಕ್ಕೆ ಹತ್ತಿದೆವು. ಸಾಹುಕಾರರ ಪಡಸಾಲೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಸಂದಿಯಿಂದ ಬಿಸಿಲು ಬಾರದಂತೆ ಮೇಲೆ ಜಮಖಾನೆ ಹಾಕಿದೆವು. ಚಾಚಾ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಒಂದೊಂದೇ ಚುಚ್ಚಿದರು. ಸಾಹುಕಾರರು ಕಂದೀಲು ಹಚ್ಚಿಸಿದರು. ಓದಿದ ವಕೀಲರು ಕೂಡ ಏಣಿ ಹಿಡಿದು ನಿಂತಿದ್ದರು. ನಮ್ಮ ಕಣ್ಣಿಗೆ ಅದು ಖರೇನೇ ಮುಸ್ಸಂಜೆಯಾಗಿ ಕಂಡಿತು.

ಗಾಯಕರು ಸ್ನಾನ ಮುಗಿಸಿ ಒಳಗೆ ಕಾಲಿಟ್ಟವರು ಹೊಸ್ತಿಲಲ್ಲೇ ನಿಂತರು. “ಯಾಕ್ರಿ? ಯಾರರ ತೀರ್ಕೊಂಡಾರೇನು?”

ನಾನು ಎದ್ದು ಕೈಮುಗಿದು ಇದ್ದದ್ದನ್ನು ಹೇಳಿದೆ. ಅವರು ನಕ್ಕರು. “ಕಿಡಕಿ ಮುಚ್ಚೀರಿ, ಖರೆ. ಆ ಕೋಳೀಗೆ ಯಾರು ಹೇಳವ್ರು?” ಹಿತ್ತಲಲ್ಲಿ ಕೋಳಿ ಕೂಗುತ್ತಿತ್ತು. ಇಡೀ ಮನೆ ನಕ್ಕಿತು. ಜಮಖಾನೆ ಇಳಿಯಿತು, ಬಿಸಿಲು ಬಂತು. ಅವರು ತೋಡಿ ಹಾಡಿದರು. ಚೆನ್ನಾಗಿ ಹಾಡಿದರಂತೆ, ನನ್ನ ಕಿವಿಯೊಳಗೆ ಒಂದು ಸ್ವರವೂ ಇಳಿಯಲಿಲ್ಲ. ನೀರು ಕುಡಿದು ನನ್ನ ಕಡೆಗೆ ನೋಡಿ, “ಬ್ಯಾರೆ ಏನರ ಕೇಳ್ರಿ” ಎಂದರು.

“ಬ್ಯಾರೆ ಏನೂ ಬ್ಯಾಡ್ರಿ” ಎಂದೆ. ಎದ್ದೇಬಿಟ್ಟೆ. “ನಡೀ, ಊರಿಗೆ ಹೋಗೂಣು” ಎಂದು ಹೆಂಡತಿಗೆ ಹೇಳಿದೆ.

ಅವಳು ಏಳಲಿಲ್ಲ. ಹೆಣ್ಣುಮಕ್ಕಳ ಸಾಲಿನಿಂದ ಸೆರಗು ಸರಿಮಾಡಿಕೊಂಡು ನೇರವಾಗಿ ಗಾಯಕರನ್ನೇ ಕೇಳಿದಳು.

“ಯಜ್ಜಾರ, ಇವತ್ತ ಹೊತ್ತು ಮುಳುಗುವಾಗ ನೀವು ಎಲ್ಲಿರ್ತೀರ್ರಿ?”

“ಶಿಗ್ಗಾವ್ಯಾಗ ಇರ್ತೇನವಾ, ಮಗಳ ಮನ್ಯಾಗ. ಕತ್ತಲಿ ಆಗೂದ್ರಾಗ ಹುಬ್ಬಳ್ಳಿ ಬಸ್ ಹತ್ತೂದು. ಯಾಕ?”

“ಸ್ಟ್ಯಾಂಡಿನ ಹಿಂದ ನಮ್ಮ ಎಲೀ ಮಳಿಗಿ ಐತ್ರಿ. ಬಸ್ ಬರೂತನಾ ಅಲ್ಲೇ ಕುಂದ್ರಬಹುದಲ್ರಿ.”

ಗಾಯಕರು ತಬಲದವನ ಕಡೆ ನೋಡಿದರು, ತಂಬೂರಿಯ ಕಡೆ ನೋಡಿದರು. “ಮುಗೀತಲ್ಲ. ನೀವು ಇಷ್ಟ ಮಂದಿ ಗಂಡಸರು ಕೂಡಿ ಹೊತ್ತು ಮುಳುಗಸಾಕ ಹೋದ್ರಿ. ಈಕಿ ಕಾಯೂಣು ಅಂತಾಳ.”

ಮುಂದಿನ ಬಸ್ಸಿನಲ್ಲೇ ಎಲ್ಲರೂ ಶಿಗ್ಗಾವಿಗೆ ಹೋದೆವು. ಚಾಚಾ ತಂಬೂರಿಯನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಹೊತ್ತು ಇಳಿಯುವಾಗ ಗಾಯಕರು ತೊಟ್ಟಿಲ ಕಾರ್ಯ ಮುಗಿಸಿ ಮಳಿಗೆಗೆ ಬಂದರು. ತಬಲದವನು ಮುಂಚೆಯೇ ಹುಬ್ಬಳ್ಳಿಗೆ ಹೋಗಿಬಿಟ್ಟಿದ್ದ. ತಂಬೂರಿಯನ್ನು ವಕೀಲರು ಮೀಟಿದರು. ಸುತ್ತ ಬುಟ್ಟಿಗಳು, ಕೆಳಗೆ ಒದ್ದೆ ಚೀಲ, ಎಲೆಯ ಹಸಿ ವಾಸನೆ. ಅವತ್ತು ಬಂದ ಎಲೆ ಒಣಗುತ್ತಿತ್ತು. ಹೆಂಡತಿ ಅತ್ತ ಒಮ್ಮೆ, ಗಾಯಕರತ್ತ ಒಮ್ಮೆ ನೋಡಿದಳು.

“ನಿನ್ನ ಕೆಲಸಾ ನೀ ಮಾಡವಾ, ನನ್ನದು ನಾ ಮಾಡ್ತೇನಿ” ಎಂದು ಅವರು ಕಣ್ಣು ಮುಚ್ಚಿದರು.

ಅವರು ಹಾಡಿದರು, ಅವಳು ನೀರು ಚಿಮುಕಿಸುತ್ತ ಕೇಳಿದಳು. ನಡುವೆ ಬಸ್ಸಿನ ಹಾರ್ನು, ಶೇಂಗಾ ಮಾರುವವನ ಕೂಗು. ಯಾವುದೋ ಒಂದು ಕಡೆ ಅವಳ ಕೈ ನಿಂತಿತು. ಹಿಂದೆ ಹಿಟ್ಟು ನಾದುವಾಗ ನಿಂತಂತೆಯೇ. ಸಾಹುಕಾರರು ಅವತ್ತು ಕಣ್ಣು ಮುಚ್ಚಲಿಲ್ಲ.

ಬಸ್ ಬಂತು, ಗಾಯಕರನ್ನು ಹತ್ತಿಸಿ ಬಂದೆವು. “ಅದ ರಾಗ ಹೌದಲ್ಲೊ?” ಎಂದು ಹೆಂಡತಿಯನ್ನು ಕೇಳಿದೆ.

“ಅವತ್ತ ಗ್ವಾಡಿ ಇತ್ತು” ಎಂದಳು. “ಇವತ್ತ ಪೂರ್ತಿ ಕೇಳಿಸ್ತು.”

ಚಾಚಾ ಅಲ್ಲೇ ತೀರ್ಪು ಕೊಟ್ಟರು. “ವಕೀಲ್ ಸಾಹೇಬ್ರ, ಇವರನ್ನೂ ಪಾಳಿಗೆ ಹಚ್ಚಬೇಕ್ರಿ. ಮುಂದಿನ ಸರ್ತಿ ನಮ್ಮ ಎಲೀ ಸಾಹೇಬ್ರು ಪಡದಾ ಹಿಡಕೊಂಡು ನಿಂದರ್ಲಿ.” ವಕೀಲರು ಒಪ್ಪಿದರು. ಮುಂದಿನ ಗಾಯನದಿಂದ ಅವಳು ನಮ್ಮ ಜಮಖಾನೆಯ ಮೇಲೆಯೇ ಕೂತಳು. ನೋಡನೋಡುತ್ತ ಉಳಿದ ಹೆಣ್ಣುಮಕ್ಕಳೂ ಗೋಡೆ ದಾಟಿ ಬಂದರು.

ಈಗ ವಕೀಲರಿಲ್ಲ, ಚಾಚಾ ಇಲ್ಲ. ಸಾಹುಕಾರರು ಮಗನ ಕಾರಿನಲ್ಲಿ ಗಾಯನಕ್ಕೆ ಬಂದು ಮೊದಲಿನಂತೆಯೇ ಮಲಗುತ್ತಾರೆ. ನನ್ನ ಹತ್ತಿರ ಈಗ ಇರುವುದು: ಹಾನಗಲ್ಲಿನಲ್ಲಿ ಮನೆ ಒಂದು, ಎಲೆಯ ಅಂಗಡಿ ಎರಡು, ಸಾಹುಕಾರರು ಕೊಟ್ಟ, ಗುಂಡುಪಿನ್ನಿನ ತೂತು ಬಿದ್ದ ಜಮಖಾನೆ ಒಂದು, ಫರ್ಮಾಯಿಷಿನ ಪಾಳಿ ಎರಡು. ಒಂದು ನನ್ನದು, ಒಂದು ಅವಳದು.