ಅತ್ತೆಯ ಕರದಂಟು, ಹುಕ್ಕೇರಿಯ ತಕ್ಕಡಿ

“ತಂಗಿ, ಹೊಳ್ಳಿ ಎತ್ತ!” ಎಂದರು ಮಕಾನದಾರ ಸರ್. ಗೋಕಾಕದ ಭಾರ ಎತ್ತುವ ತರಬೇತಿ ಹಾಲ್‌ನಲ್ಲಿ ಅದು ನನ್ನ ಮೊದಲ ದಿನ. ನಮ್ಮ ನಂಜನಗೂಡಿನ ಕಡೆ ಹೊಳ್ಳೆ ಎಂದರೆ ಮೂಗಿನದು. ಈ ‘ಹೊಳ್ಳಿ’ಯನ್ನು ನಾನು ಕೇಳಿಯೇ ಇರಲಿಲ್ಲ. ‘ಹೊರಳಿ’ ಇರಬೇಕೆಂದು ಊಹಿಸಿ, ರಾಡನ್ನು ದಾಟಿ, ಎಲ್ಲರಿಗೂ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಭಾರ ಎತ್ತಿದೆ.

“ಗ್ವಾಡಿಗೆ ಯಾಕ ತೋರಸಾಕತ್ತಿ ಯವ್ವಾ? ಹೊಳ್ಳಿ ಅಂದ್ರ ಇನ್ನೊಮ್ಮೆ!” ಎಂದು ಅವರು ಹಣೆ ಹಣೆ ಬಡಿದುಕೊಂಡರು. ಹಾಲ್ ತುಂಬ ನಗು. ನಮ್ಮದೂ ಕನ್ನಡ, ಇವರದೂ ಕನ್ನಡ, ಆದರೂ ಮದುವೆಯಾಗಿ ಬಂದ ಮೊದಲ ತಿಂಗಳು ನಾನು ಅರ್ಧ ಮೂಗಿಯಾಗಿದ್ದೆ. ಮುದ್ದೆ ಸಿಗದೆ ಅತ್ತದ್ದೂ ಉಂಟು. ಗಂಡನಿಗೆ ಗೊತ್ತಾಗಬಾರದೆಂದು ಈರುಳ್ಳಿ ಹೆಚ್ಚುವ ನೆಪ ಮಾಡಿದ್ದೆ.

ಒಂದು ವಿಷಯದಲ್ಲಿ ಮಾತ್ರ ಈ ಊರು ನನ್ನನ್ನು ಮೊದಲ ದಿನವೇ ಗೆದ್ದಿತು. ಕಾಲೇಜಿನಲ್ಲಿ ನಾನು ಭಾರ ಎತ್ತುತ್ತಿದ್ದಾಗ ನಮ್ಮ ಬೀದಿಯವರು, “ಹೆಣ್ಮಗೀಗ್ ಯಾಕವ್ವ ಇದು?” ಎಂದು ಮೂಗು ಮುರಿಯುತ್ತಿದ್ದರು. ಇಲ್ಲಿ ವಿಷಯ ಕೇಳಿದ ಅತ್ತೆಯ ಕಣ್ಣು ಅರಳಿತು. “ಕೌಜಲಗ್ಯಾಗ ನಮ್ಮಪ್ಪ ಸಂಗ್ರಾಣಿ ಕಲ್ಲ ಎತ್ತತಿದ್ದ. ನೀ ಎತ್ತಾಕ ಏನ್ ಧಾಡಿ?” ಎಂದರು. ಸಂಗ್ರಾಣಿ ಕಲ್ಲೆಂದರೆ ಈ ಕಡೆಯ ಗಂಡಸರು ಪಂದ್ಯ ಕಟ್ಟಿ ಎತ್ತುವ ಭಾರಿ ಕಲ್ಲು. ಮರುದಿನ ಅತ್ತೆಯೇ ನನ್ನ ಕೈ ಹಿಡಿದು ಹಾಲ್‌ಗೆ ಕರೆದುಕೊಂಡು ಹೋದರು.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಂದ ಆಯ್ದವರನ್ನು ಆರು ತಿಂಗಳು ಇದೇ ಹಾಲ್‌ನಲ್ಲಿ ಪಳಗಿಸಿ ದೊಡ್ಡ ಸ್ಪರ್ಧೆಗಳಿಗೆ ಕಳಿಸುವ ತಂಡವೊಂದಕ್ಕೆ ಆಯ್ಕೆ ನಡೆಯಲಿತ್ತು. ನನ್ನ ತೂಕದ ವಿಭಾಗದಲ್ಲಿ ಒಂದೇ ಜಾಗ. ಮುಂದಿನ ವರ್ಷಕ್ಕೆ ನನ್ನ ವಯಸ್ಸು ಮೀರುತ್ತದೆ. ಈ ಸಲ ತಪ್ಪಿದರೆ ರಾಡನ್ನು ಮರೆತುಬಿಡುವುದೇ.

ಆಯ್ಕೆ ಹುಕ್ಕೇರಿಯಲ್ಲಿ. ಬಸ್ಸಿನಲ್ಲಿ ಅತ್ತೆ ಡಬ್ಬಿ ತೆಗೆದು, ಬೆಲ್ಲ, ಅಂಟು, ಗೋಡಂಬಿಯ ಕರದಂಟಿನ ಒಂದೊಂದೇ ತುಂಡನ್ನು ನನ್ನ ಬಾಯಿಗೆ ಇಡುತ್ತ ಹೋದರು. “ತಿನ್ನ, ಮೈಯಾಗ ಕಸುವು ಬರತೈತಿ.” ನನಗೂ ಬೇಡವೆನ್ನಲು ಮನಸ್ಸಿರಲಿಲ್ಲ. ಅಷ್ಟು ರುಚಿ.

ತಕ್ಕಡಿ ಹತ್ತಿದಾಗ ನಾನು ನನ್ನ ವಿಭಾಗಕ್ಕಿಂತ ಇನ್ನೂರು ಗ್ರಾಂ ಹೆಚ್ಚು! ಒಂದು ಗಂಟೆಯೊಳಗೆ ತೂಕ ಇಳಿಯಬೇಕು, ಇಲ್ಲವೇ ಮನೆಗೆ. ಮಕಾನದಾರ ಸರ್ ಡಬ್ಬಿಯನ್ನೂ ಅತ್ತೆಯನ್ನೂ ನೋಡಿದರು.

“ವೈನಿ, ಇದನ್ನ ಗೆದ್ದ ಮ್ಯಾಲ ತಿನಸಬೇಕ್ರಿ!”

“ನನಗೇನ ಗೊತ್ರಿ ಸರ? ಉಪಾಸ ಕರಕೊಂಡ ಬರಾಕ ಬರತೈತೇನ್ರಿ?” ಎಂದ ಅತ್ತೆಯ ಕಣ್ಣಲ್ಲಿ ನೀರು.

ಬಿಸಿಲಿಗೆ ಮೈದಾನ ಸುತ್ತತೊಡಗಿದೆ. ಎರಡನೇ ಸುತ್ತಿಗೆ ಹಿಂದೆ ಬಳೆಯ ಸದ್ದು. ತಪ್ಪು ತನ್ನದೆಂದು ಅತ್ತೆಯೂ ಇಳಕಲ್ಲ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಓಡುತ್ತಿದ್ದರು! ನಗು ತಡೆಯಲಾಗದೆ ನನ್ನ ಉಸಿರೇ ಕಟ್ಟಿತು. ಅದೇ ಒಂದು ಜಾಗಕ್ಕೆ ನನ್ನೆದುರು ಇದ್ದ ಮೂಡಲಗಿಯ ಹುಡುಗಿ ತನ್ನ ಉಣ್ಣೆಯ ಸ್ವೆಟರ್ ತಂದು ನನ್ನ ಹೆಗಲಿಗೆ ಹಾಕಿದಳು. “ಇದನ್ನ ಹಾಕ್ಕೊಂಡ ಓಡ್ರಿ ಅಕ್ಕಾ, ಲಗೂನ ಬೆವರ ಬರತೈತಿ. ನೀವಿಲ್ದ ಗೆದ್ರ ಏನ್ ಮಜಾ?” ಅದನ್ನು ತೊಟ್ಟು ಮತ್ತೆ ಓಡಿದೆ. ಕೊನೆಯ ಐದು ನಿಮಿಷವಿದ್ದಾಗ ತಕ್ಕಡಿ ಒಪ್ಪಿತು.

ಸ್ಪರ್ಧೆಯಲ್ಲಿ ಅವಳು ನನಗಿಂತ ಮುಂದಿದ್ದಳು. ನನಗೆ ಉಳಿದದ್ದು ಒಂದೇ ಅವಕಾಶ, ಅದೂ ನಾನು ಹಿಂದೆಂದೂ ಎತ್ತದಷ್ಟು ಭಾರ. ಎದೆಯವರೆಗೆ ತಂದೆ. ತಲೆಯ ಮೇಲೆ ಕೈ ಚಾಚಿ ನಿಂತಾಗ ಎಲ್ಲರಿಗಿಂತ ಜೋರಾಗಿ ಕಿರುಚಿದವಳು ಆ ಹುಡುಗಿಯೇ. ಎತ್ತಿದ್ದು ಸರಿಯೆಂದು ಮೂವರು ತೀರ್ಪುಗಾರರೂ ಬಿಳಿ ಬಾವುಟ ಎತ್ತಿದರು, ಜಾಗ ನನ್ನದಾಯಿತು. ರಾಡು ಇಳಿಸಿ ಓಡಿಹೋಗಿ ಅವಳನ್ನೇ ಮೊದಲು ತಬ್ಬಿಕೊಂಡೆ. ಅವಳಿಗೆ ಇನ್ನೂ ವಯಸ್ಸಿದೆ, ಮುಂದಿನ ಸಲ ತಂಡಕ್ಕೆ ಬರುತ್ತಾಳೆ.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ನಂಜನಗೂಡಿಗೆ ಫೋನು ಹಚ್ಚಿದೆ. “ಅವ್ವಾ, ಗೆದ್ದೇನಿ! ಆರ ತಿಂಗಳ ಇಲ್ಲೇ ಟ್ರೇನಿಂಗ್ ಐತಿ!”

ಆ ಕಡೆಯಿಂದ ಅವ್ವ ಸಂಕೋಚದಿಂದ, “ಯಾರ್ ಮಾತಾಡ್ತಿರೋದು? ವಸಿ ನನ್ ಮಗ್ಳಿಗ್ ಕೊಡಿ” ಎಂದಳು.

“ನಾನೇ ಕಣವ್ವ!”

ಅವಳು ನಕ್ಕಳು, ನಗುತ್ತಲೇ ಮೂಗೆಳೆದಳು. “ಹಂಗಾದ್ರೆ ಯುಗಾದಿಗ್ ಬರಕಾಗಲ್ವಾ? ಮನೆಗ್ ಯಾವಾಗ ಬತ್ತೀಯ ಮಗಾ?”

“ಈಗಷ್ಟ ಮನೀಗೆ ಬಂದೇನಿ ಅವ್ವಾ” ಎಂದುಬಿಟ್ಟೆ.

ಅಂದ ಮೇಲೆಯೇ ನನಗೆ ಹೊಳೆದದ್ದು, ಅವಳು ಕೇಳಿದ್ದು ಬೇರೆ ಮನೆಯನ್ನು. ಇಬ್ಬರೂ ಬಹಳ ಹೊತ್ತು ಫೋನು ಇಡಲಿಲ್ಲ.